ಅಜ್ಜಿಗೆ ಎಂಥ ನೆರಳು?

"ನಿನ್ ದೊಡ್ಡಪ್ಪಂಗೆ ಹೋಗಿ ಹೇಳು, ಮೇಲೆ ಶೀಟ್ ಹಾಕ್ಸಿದ್ರೆ ಅದು ಪರ್ಗೋಲಾ ಅಲ್ಲ, ಬಸ್ ಸ್ಟಾಪು ಅಂತ."

ಅಪ್ಪ ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. ಚೈತ್ರ ಬರಿಗಾಲಲ್ಲೇ ಹೊರಗೆ ಬಂದು ಮೆಟ್ಟಿಲು ಹತ್ತತೊಡಗಿದಳು.

ಮಾರೇನಹಳ್ಳಿಯ ಆ ಮನೆಯಲ್ಲಿ ಕೆಳಗೆ ಚೈತ್ರಳ ಮನೆ, ಮೇಲೆ ದೊಡ್ಡಪ್ಪನ ಮನೆ. ಅದರ ಮೇಲೆ ಟೆರೇಸ್. ಟೆರೇಸ್ ಇಬ್ಬರಿಗೂ ಸೇರಿದ್ದು. ಅಜ್ಜಿಯೂ ಹಾಗೆಯೇ. ಒಂದು ತಿಂಗಳು ಕೆಳಗಿದ್ದರೆ ಇನ್ನೊಂದು ತಿಂಗಳು ಮೇಲಿರುತ್ತಿದ್ದರು.

ಬೇಸಿಗೆ ಶುರುವಾದಾಗ ಒಂದು ದಿನ ಯಾರೋ ನೀರಿನ ಮೋಟರ್ ಆಫ್ ಮಾಡುವುದನ್ನು ಮರೆತರು. ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ತರಿಸಿದ್ದ ನೀರು ಉಕ್ಕಿ ರಸ್ತೆಗೆಲ್ಲ ಹರಿಯಿತು. ಮರೆತದ್ದು ನೀನು ಎಂದು ಅಪ್ಪ ಅಂದರು. ನಾನಲ್ಲ, ನೀನೇ ಎಂದು ದೊಡ್ಡಪ್ಪ ಅಂದರು. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಏನಾದರೂ ಹೇಳಬೇಕಾದರೆ ಚೈತ್ರಳೇ ಹತ್ತಬೇಕು, ಚೈತ್ರಳೇ ಇಳಿಯಬೇಕು.

ಈಗ ಹೇಳಬೇಕಾಗಿದ್ದದ್ದು ಪರ್ಗೋಲಾ ವಿಷಯ, ಅಂದರೆ ಟೆರೇಸಿಗೆ ಹಾಕಿಸಬೇಕಿದ್ದ ಚಪ್ಪರದ ವಿಷಯ. ಹೋದ ಮಳೆಗಾಲದಲ್ಲಿ ಮನೆ ಮುಂದಿನ ಹೊಂಗೆ ಮರ ಗಾಳಿಗೆ ಉರುಳಿಬಿದ್ದು ಟೆರೇಸಿಗೆ ನೆರಳೇ ಇಲ್ಲದಂತಾಗಿತ್ತು. ಹೋದ ವಾರ ಸಂಡಿಗೆ ಒಣಹಾಕಲು ಹೋದ ಅಜ್ಜಿ ತಲೆ ಸುತ್ತಿ ಅಲ್ಲೇ ಕೂತುಬಿಟ್ಟರು. ಅಪ್ಪನೂ ಓಡಿ ಬಂದರು, ದೊಡ್ಡಪ್ಪನೂ ಓಡಿ ಬಂದರು. ಒಬ್ಬೊಬ್ಬರು ಒಂದೊಂದು ಕೈ ಹಿಡಿದು ಅಜ್ಜಿಯನ್ನು ಕೆಳಗಿಳಿಸಿದರು. ಇಳಿಸುವಾಗಲೂ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಅಜ್ಜಿಗೆ ಟೆರೇಸಿನಲ್ಲಿ ನೆರಳು ಮಾಡಿಸಬೇಕೆಂದು ಇಬ್ಬರಿಗೂ ಅನ್ನಿಸಿತು. ಎಂಥ ನೆರಳು ಎನ್ನುವುದರಲ್ಲೇ ತಕರಾರು. ಮರದ ಕಂಬ, ಮೇಲೆ ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿ, ಅದಕ್ಕೆ ಹಬ್ಬಿದ ಬಳ್ಳಿ, ಇದು ಅಪ್ಪನ ಪರ್ಗೋಲಾ. ಕಬ್ಬಿಣದ ಕಂಬ, ಮೇಲೆ ಪೂರ್ತಿ ಶೀಟು, ಇದು ದೊಡ್ಡಪ್ಪನದು.

ಮೊದಮೊದಲು ಚೈತ್ರ ಹೇಳಿಕಳಿಸಿದ್ದನ್ನು ಹಾಗೇ ಹೇಳುತ್ತಿದ್ದಳು. ಒಂದು ದಿನ ದೊಡ್ಡಪ್ಪ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿದ್ದರು. "ಕಣ್ ಕಾಣ್ಸಲ್ವಾ ಅಂತ ಕೇಳು" ಎಂದರು ಅಪ್ಪ. ಅದನ್ನೂ ಹಾಗೇ ಕೇಳಿದಳು. ದೊಡ್ಡಪ್ಪ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗಾಡಿತು. ಒಳಗೆ ಊಟಕ್ಕೆ ಕೂತಿದ್ದ ಅಜ್ಜಿ ಅರ್ಧಕ್ಕೇ ಎದ್ದು ಕೈ ತೊಳೆದರು.

ಆಮೇಲಿಂದ ಮೆಟ್ಟಿಲಿನ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಚೈತ್ರಳಿಗೆ ಅಭ್ಯಾಸವಾಯಿತು. ಅಲ್ಲಿ ಮಾತನ್ನು ಒಂಚೂರು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು.

ಇವತ್ತೂ ಹಾಗೇ ನಿಂತಳು. ಬಸ್ ಸ್ಟಾಪನ್ನು ಏನು ಮಾಡುವುದು ಎಂದು ಯೋಚಿಸಿದಳು.

"ದೊಡ್ಡಪ್ಪ, ಶೀಟ್ ಹಾಕ್ಸಿದ್ರೆ ಅಜ್ಜಿಗೆ ಸೆಖೆ ಆಗತ್ತೇನೋ, ಒಂದ್ಸಲ ಯೋಚ್ನೆ ಮಾಡಿ ಅಂದ್ರು ಅಪ್ಪ" ಎಂದಳು.

ದೊಡ್ಡಪ್ಪ ಪೇಪರ್ ಮಡಿಸಿದರು. "ನಿಮ್ಮಪ್ಪಂಗೆ ಹೇಳು, ಮೇಲೆ ನಾಲ್ಕು ಪಟ್ಟಿ ಹೊಡ್ದು ಇದೇ ನೆರಳು ಅಂದ್ರೆ ಅದು ಫೋಟೋಗೆ ಚೆನ್ನಾಗಿರತ್ತೆ. ಮಳೆ ಬಂದ್ರೆ ನಮ್ಮಮ್ಮ ಪಟ್ಟಿ ಕೆಳಗೆ ನಿಂತ್ಕೊಂಡು ಸ್ನಾನ ಮಾಡ್ಬೇಕಾ ಅಂತ ಕೇಳು."

"ಸರಿ ದೊಡ್ಡಪ್ಪ." ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಮತ್ತೆ... ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಕ್ಕೆ ಹೇಳಿದ್ರು."

ಹೀಗೆ ಹೇಳಬೇಕೆಂದು ಅವಳು ಅಂದುಕೊಂಡೇ ಇರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟಳು.

ದೊಡ್ಡಪ್ಪ ಅವಳನ್ನೇ ನೋಡಿದರು. "ಅವ್ನು ಕೇಳಿದ್ನಾ?"

"ಹೂಂ."

"ತಗೊಂಡೆ ಅಂತ ಹೇಳು." ಅವರ ದನಿ ಸ್ವಲ್ಪ ಮೆತ್ತಗಾಗಿತ್ತು.

ಕೆಳಗೆ ಬಂದು ಚೈತ್ರ ಅಪ್ಪನಿಗೆ ಹೇಳಿದಳು. "ಮರದ್ದು ನೋಡಕ್ಕೆ ಚೆನ್ನಾಗಿರತ್ತಂತೆ. ಮಳೆ ಬಂದ್ರೆ ಅಜ್ಜಿಗೆ ಕಷ್ಟ ಆಗತ್ತೇನೋ ಅಂದ್ರು. ನಿಮ್ ಬೆನ್ನು ನೋವು ಹೆಂಗಿದೆ ಅಂತ್ಲೂ ಕೇಳಿದ್ರು."

ಅಪ್ಪ ಮೊಬೈಲ್ ಕೆಳಗಿಟ್ಟರು. ಬೆನ್ನ ಮೇಲೆ ಕೈ ಆಡಿಸಿಕೊಂಡರು. ಆಮೇಲೆ "ಪರ್ವಾಗಿಲ್ಲ ಅಂತ ಹೇಳು" ಎಂದರು.

ಹೀಗೇ ವಾರ ಕಳೆಯಿತು. ಮನೆಯಲ್ಲಿ ಬಾಗಿಲು ಬಡಿಯುವ ಸದ್ದು ನಿಂತಿತ್ತು. ಆದರೆ ಪರ್ಗೋಲಾ ವಿಷಯ ಮಾತ್ರ ಇದ್ದಲ್ಲೇ ಇತ್ತು. ಶುಕ್ರವಾರ ಅಪ್ಪ, "ಮರದ್ದೇ ಆಗ್ಬೇಕು, ಇಲ್ದಿದ್ರೆ ಬೇಡವೇ ಬೇಡ ಅಂತ ಹೇಳ್ಬಿಡು" ಎಂದರು. ಚೈತ್ರಳಿಗೆ ಹತ್ತಿ ಇಳಿದು ಸಾಕಾಗಿತ್ತು. ತಿರುವಿನಲ್ಲಿ ಬಹಳ ಹೊತ್ತು ನಿಂತಳು. ಮೇಲೆ ಹೋಗಿ, "ದೊಡ್ಡಪ್ಪ, ನಿಮ್ಮಿಷ್ಟದಂಗೇ ಮಾಡ್ಸಿ ಅಂದ್ರು ಅಪ್ಪ" ಎಂದಳು. ಕೆಳಗೆ ಬಂದು, "ಅಪ್ಪ, ನಿಮ್ಮಿಷ್ಟದಂಗೇ ಮಾಡ್ಸ್ಬೇಕಂತೆ, ದೊಡ್ಡಪ್ಪ ಹೇಳಿದ್ರು" ಎಂದಳು.

ಇಬ್ಬರ ಮುಖವೂ ಅರಳಿತು. ಅವತ್ತು ಸಂಜೆ ದೊಡ್ಡಪ್ಪ ಮೇಲಿನಿಂದ ಒಂದು ಬಟ್ಟಲು ಪಾಯಸ ಕಳಿಸಿದರು. ಅಪ್ಪ ಎರಡು ಸಲ ಹಾಕಿಸಿಕೊಂಡು ಕುಡಿದರು.

ಮಾರನೆಯ ದಿನ ಹಲ್ಲುಜ್ಜುವಾಗ ಚೈತ್ರಳಿಗೆ ಥಟ್ಟನೆ ಹೊಳೆಯಿತು. ಅಪ್ಪನ ಇಷ್ಟದ ಹಾಗೂ ಆಗಬೇಕು, ದೊಡ್ಡಪ್ಪನ ಇಷ್ಟದ ಹಾಗೂ ಆಗಬೇಕು. ಅದು ಹೇಗೆ? ತಿಂಡಿಗೆ ದೋಸೆ ಮಾಡಿದ್ದರೂ ಒಂದೇ ತಿಂದು ಎದ್ದಳು. "ಏನಾಯ್ತೇ?" ಎಂದು ಅಮ್ಮ ಕೇಳಿದ್ದಕ್ಕೆ ಏನಿಲ್ಲ ಎಂದಳು.

ಭಾನುವಾರ ಬೆಳಗ್ಗೆ ಕಾಮಾಕ್ಷಿಪಾಳ್ಯದಿಂದ ವೆಲ್ಡಿಂಗ್ ಅಂಗಡಿಯ ಚನ್ನವೀರೇಶ್ ಅಳತೆಗೆಂದು ಬಂದರು. ಟೆರೇಸ್ ನೋಡಿ, ಟೇಪ್ ತೆಗೆದು, ಮತ್ತೆ ಜೇಬಿಗೆ ಹಾಕಿಕೊಂಡು ದೊಡ್ಡಪ್ಪನ ಕಡೆ ತಿರುಗಿದರು.

"ಸಾರ್, ಒಂದ್ ಮಾತು ಕೇಳ್ಲಾ? ನೀವು ವಾಟ್ಸಾಪಲ್ಲಿ ಕಬ್ಬಿಣದ್ ಫೋಟೋ ಕಳಿಸಿದೀರ, ಶೀಟ್ ಹಾಕಿ ಅಂದಿದೀರ. ಅವ್ರು ಮರದ್ ಫೋಟೋ ಕಳಿಸಿದಾರೆ. ನಾನು ಯಾವ್ದು ಮಾಡ್ಲಿ?"

ಅಪ್ಪ ಟೆರೇಸಿನ ಈ ಕೊನೆಯಲ್ಲಿದ್ದರು, ದೊಡ್ಡಪ್ಪ ಆ ಕೊನೆಯಲ್ಲಿದ್ದರು. ಇಬ್ಬರೂ ಚನ್ನವೀರೇಶ್ ಅವರ ಮುಖ ನೋಡಿಕೊಂಡೇ ಮಾತಾಡಿದರು.

"ನನ್ನಿಷ್ಟದಂಗೆ ಮಾಡ್ಸಿ ಅಂತ ಅವ್ನೇ ಹೇಳಿಕಳ್ಸಿದ್ದು" ಎಂದರು ದೊಡ್ಡಪ್ಪ.

"ನಾನ್ಯಾವಾಗ ಹೇಳ್ದೆ? ನನ್ನಿಷ್ಟದಂಗೆ ಅಂತ ಅವ್ರೇ ಹೇಳಿದ್ದು" ಎಂದರು ಅಪ್ಪ.

"ನಾನಾ?" ಎಂದರು ದೊಡ್ಡಪ್ಪ.

ಇಬ್ಬರೂ ಸುತ್ತ ನೋಡಿದರು. ಚೈತ್ರ ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದಳು. ಟ್ಯಾಂಕಿನ ಪಕ್ಕ ಅವಳ ಲಂಗದ ಅಂಚು ಕಾಣಿಸುತ್ತಿತ್ತು.

"ಚೈತ್ರ, ಇಲ್ಲಿ ಬಾ" ಎಂದರು ಅಪ್ಪ.

ಅವಳು ಬಂದಳು. ಸುಡುತ್ತಿದ್ದ ನೆಲದ ಮೇಲೆ ಕಾಲು ಬದಲಿಸುತ್ತಾ ನಿಂತಳು.

"ನೀನೇ ಹೇಳಿದ್ದಾ?"

"ಹೂಂ." ಅವಳ ದನಿ ಅವಳಿಗೇ ಕೇಳಿಸುವಷ್ಟಿತ್ತು. "ನೀವು ಹೇಳಿದ್ದನ್ನ ಹಂಗೇ ಹೇಳಕ್ಕೆ ನಂಗೆ ಆಗ್ತಿರ್ಲಿಲ್ಲ. ಹಂಗೇ ಹೇಳಿದ್ರೆ ದೊಡ್ಡಪ್ಪ ಬಾಗಿಲು ಹಾಕ್ಕೊಳ್ತಾರೆ. ಅಜ್ಜಿ ಊಟ ಬಿಡ್ತಾರೆ."

ದೊಡ್ಡಪ್ಪ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡು ಚೈತ್ರ ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ.

"ಮತ್ತೆ ಬಿಪಿ ಮಾತ್ರೆ ಕೇಳಿದ್ದು?"

"ಅದೂ ನಾನೇ."

"ಓಹೋ" ಎಂದರು ದೊಡ್ಡಪ್ಪ. ಪಕ್ಕದ ಗೋಡೆಯ ಕಡೆ ನೋಡಿದರು. "ನಂಗೂ ಅನುಮಾನ ಇತ್ತು. ಅವ್ನು ಅಂಥದ್ದೆಲ್ಲ ಕೇಳೋನಲ್ಲ. ಆದ್ರೂ ನಂಬಬೇಕು ಅನ್ನಿಸ್ತು, ನಂಬ್ದೆ."

ಅಪ್ಪನ ಮುಖ ಕೆಂಪಾಯಿತು. ಚನ್ನವೀರೇಶ್ ಜೇಬಿನಿಂದ ಟೇಪ್ ತೆಗೆದು ಅದರ ಧೂಳು ಒರೆಸುತ್ತಿದ್ದರು. ದೂರದಲ್ಲಿ ಮೆಟ್ರೋ ರೈಲು ಹೋದ ಸದ್ದು ಕೇಳಿಸಿತು.

"ಇವತ್ತು ತಗೊಂಡ್ಯಾ ಅಣ್ಣ?" ಎಂದು ಅಪ್ಪ ಕೇಳಿದರು.

ದೊಡ್ಡಪ್ಪನಿಗೇ ಕೇಳಿದರು. ಅವರ ಮುಖ ನೋಡಿಯೇ ಕೇಳಿದರು.

"ಇನ್ನೂ ಇಲ್ಲ" ಎಂದರು ದೊಡ್ಡಪ್ಪ. "ತಿಂಡಿ ಆಗಿಲ್ಲ."

"ಟೈಮ್ ಹತ್ತಾಯ್ತು."

"ಗೊತ್ತು ಬಿಡೋ."

ಅಷ್ಟರಲ್ಲಿ ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಹಿಂದೆ ಅಮ್ಮ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡಿದ್ದರು. "ಏನ್ ಎಲ್ರೂ ಬಿಸಿಲಲ್ಲಿ ನಿಂತಿದೀರ?" ಎಂದು ಅಜ್ಜಿ ಕೇಳಿದರು.

ಚೈತ್ರ ಅಜ್ಜಿಯನ್ನು ನೋಡಿದಳು. ಇಷ್ಟು ದಿನ ಅವಳು ಎಷ್ಟೊಂದು ಮಾತು ಹೊತ್ತು ಹತ್ತಿದ್ದಳು, ಇಳಿದಿದ್ದಳು. ಎಲ್ಲವೂ ಅಜ್ಜಿಯ ನೆರಳಿನ ಬಗ್ಗೆಯೇ. ಅಜ್ಜಿಯನ್ನು ಕೇಳಿ ಬಾ ಎಂದು ಒಬ್ಬರೂ ಕಳಿಸಿರಲಿಲ್ಲ. ಅವಳಿಗೂ ತೋಚಿರಲಿಲ್ಲ.

"ಅಜ್ಜಿ, ನಿಮ್ಗೆ ಎಂಥ ಪರ್ಗೋಲಾ ಬೇಕು?"

"ಚಪ್ಪರ ತಾನೇ? ನಂಗೇನ್ ಗೊತ್ತು ಅದೆಲ್ಲ." ಅಜ್ಜಿ ಕುರ್ಚಿಯನ್ನು ಒಂದು ಕಡೆ ಇಡಿಸಿದರು. ಅಲ್ಲಿಂದ ತೆಗೆಸಿ ಇನ್ನೊಂದು ಕಡೆ ಇಡಿಸಿದರು. ಕೂತು ನೋಡಿದರು. "ಬೆಳಗ್ಗೆ ಮಂಡಿ ಮೇಲೆ ಒಂಚೂರು ಬಿಸಿಲು ಬೀಳ್ಬೇಕು, ಹಿತವಾಗಿರತ್ತೆ. ತಲೆ ಮೇಲೆ ಬೇಡ. ಆ ರೈಲು ಹೋಗೋದು ಕಾಣ್ಬೇಕು. ಇಷ್ಟಾದ್ರೆ ಸಾಕಪ್ಪ."

ಅಪ್ಪ ಮತ್ತು ದೊಡ್ಡಪ್ಪ ಒಬ್ಬರ ಮುಖ ಒಬ್ಬರು ನೋಡಿದರು.

"ಈಗ್ಲೇ ನೋಡ್ಬೋದು ಸಾರ್" ಎಂದು ಚನ್ನವೀರೇಶ್ ತಂತಿಯ ಮೇಲೆ ಒಣಗುತ್ತಿದ್ದ ಬೆಡ್‌ಶೀಟ್ ತೋರಿಸಿದರು. "ಅದನ್ನ ಎತ್ತಿ ಹಿಡೀರಿ. ನೆರಳು ಎಲ್ಲಿ ಬೀಳತ್ತೆ ನೋಡಣ."

ಬೆಡ್‌ಶೀಟಿನ ಎರಡು ಮೂಲೆಗಳನ್ನು ಅಪ್ಪ ಹಿಡಿದರು, ಇನ್ನೆರಡನ್ನು ದೊಡ್ಡಪ್ಪ ಹಿಡಿದರು. ಇಬ್ಬರೂ ಕೈ ಎತ್ತಿದರು. ನೆರಳು ಅಜ್ಜಿಯನ್ನು ಬಿಟ್ಟು ಪಕ್ಕದಲ್ಲಿ ಬಿತ್ತು.

"ಈ ಕಡೆ ಬಾ" ಎಂದರು ದೊಡ್ಡಪ್ಪ.

"ನೀನ್ ಬಾ. ನಾನ್ ಸರಿಯಾಗೇ ಇದೀನಿ."

"ಇಬ್ರೂ ಬನ್ನಿ" ಎಂದಳು ಚೈತ್ರ.

ಇಬ್ಬರೂ ಎರಡು ಹೆಜ್ಜೆ ಸರಿದರು. ನೆರಳು ಅಜ್ಜಿಯ ಕಾಲ ಮೇಲೆ ಬಂತು, ಸೊಂಟಕ್ಕೆ ಬಂತು, ಆಮೇಲೆ ತಲೆಗೆ ಬಂತು. ಗಾಳಿಗೆ ಬೆಡ್‌ಶೀಟ್ ಪಟಪಟ ಬಡಿಯಿತು. ಅಪ್ಪ ಬೆನ್ನು ನೋವಿಗೆ ಸ್ವಲ್ಪ ಬಾಗಿದರು. ಅದನ್ನು ನೋಡಿದ ದೊಡ್ಡಪ್ಪ ತಮ್ಮ ಕಡೆಯನ್ನೂ ಕೆಳಗಿಳಿಸಿದರು.

"ಇನ್ನೊಂಚೂರು ಹಿಂದೆ" ಎಂದರು ಅಜ್ಜಿ. "ಹಾಂ. ಮಂಡಿಗೆ ಬಿಸಿಲು ಬಂತು. ಅಲ್ಲೇ ಇರಿ."

ಚನ್ನವೀರೇಶ್ ಬೇಗ ಬೇಗ ಚಾಕ್‌ಪೀಸಿನಿಂದ ನೆಲದ ಮೇಲೆ ಗುರುತು ಮಾಡಿದರು. ಕಂಬ ಕಬ್ಬಿಣದ್ದು, ಅಜ್ಜಿಯ ತಲೆಯ ಮೇಲೆ ಶೀಟು, ಬೆಳಗಿನ ಬಿಸಿಲು ಬರುವ ಕಡೆ ಮರದ ಪಟ್ಟಿ, ರೈಲು ಕಾಣುವ ಕಡೆ ಏನೂ ಅಡ್ಡ ಬೇಡ ಎಂದಾಯಿತು. ಅಪ್ಪನಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ, ದೊಡ್ಡಪ್ಪನಿಗೂ ಇರಲಿಲ್ಲ. ಆದರೆ ಇಬ್ಬರೂ ಕೈ ಕೆಳಗಿಳಿಸದೆ, ಗುರುತು ಮುಗಿಯುವ ತನಕ ಹಾಗೇ ನಿಂತಿದ್ದರು.

ಚನ್ನವೀರೇಶ್ ಹೊರಟ ಮೇಲೆ ಅಪ್ಪ ಚೈತ್ರಳ ತಲೆಯ ಮೇಲೆ ಕೈ ಇಟ್ಟರು. "ಇನ್ಮೇಲೆ ಹಂಗೆಲ್ಲ ಮಾತು ಬದಲಾಯಿಸ್ಬಾರ್ದು" ಎಂದರು.

"ಸರಿ" ಎಂದಳು ಚೈತ್ರ. ಸ್ವಲ್ಪ ತಡೆದು, "ನನ್ನ ಕಳಿಸ್ಲೂಬಾರ್ದು" ಎಂದಳು.

ಅಪ್ಪ ಹೂಂ ಎಂದರು.

ಮುಂದಿನ ವಾರ ಕಂಬಗಳು ಎದ್ದವು. ಒಂದು ಸಂಜೆ ಚೈತ್ರ ಅಮ್ಮನ ಜೊತೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಟೆರೇಸಿನಿಂದ ಅಪ್ಪನ ದನಿ ಜೋರಾಗಿ ಕೇಳಿಸಿತು. ಅದಕ್ಕಿಂತ ಜೋರಾಗಿ ದೊಡ್ಡಪ್ಪನ ದನಿ ಕೇಳಿಸಿತು. ಮಲ್ಲಿಗೆ ಬಳ್ಳಿ ಹಬ್ಬಿಸಬೇಕೆಂದು ಒಬ್ಬರು, ಹೀರೇಕಾಯಿ ಬಳ್ಳಿಯಾದರೆ ಸಾಂಬಾರಿಗಾದರೂ ಆಗುತ್ತದೆ ಎಂದು ಇನ್ನೊಬ್ಬರು.

ಅಮ್ಮನ ಕೈ ನಿಂತಿತು. "ಅಯ್ಯೋ, ಮತ್ತೆ ಶುರುವಾಯ್ತು ಇವರ ಜಗಳ. ಹೋಗಿ ನೋಡ್ಕೊಂಡ್ ಬಾರೇ."

ಚೈತ್ರ ಬಾಗಿಲ ತನಕ ಹೋಗಿ ಕಿವಿಗೊಟ್ಟಳು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ನಡುವೆ ಅಜ್ಜಿ ಏನೋ ಅಂದರು, ದೊಡ್ಡಪ್ಪ ನಕ್ಕರು. ಮತ್ತೆ ಅಪ್ಪನ ದನಿ ಏರಿತು.

ಅವಳು ವಾಪಸ್ ಬಂದು ಅಪ್ಪನ ಶರ್ಟ್ ಎತ್ತಿಕೊಂಡಳು.

"ಜಗಳ ಅಲ್ಲ ಅಮ್ಮ, ಮಾತಾಡ್ತಾ ಇದಾರೆ" ಎಂದಳು. ಶರ್ಟಿನ ಗುಂಡಿ ಹಾಕಿ, ತೋಳು ಒಳಗೆ ಮಾಡಿ ಮಡಿಸತೊಡಗಿದಳು.