ಕಲ್ಚರ್ ಕೋಣೆಯ ಕೆಂಪು

ಕಲ್ಚರ್ ಕೋಣೆ ಕೈತಪ್ಪಿದ್ದಕ್ಕಿಂತ ಅದು ಯಾರ ಕೈ ಸೇರಿತು ಎಂಬುದೇ ಶುದ್ಧಪ್ಪನವರ ಹೊಟ್ಟೆಗೆ ಬೆಂಕಿ ಹಾಕಿತ್ತು. ಶುದ್ಧಪ್ಪ ಅವರ ನಿಜವಾದ ಹೆಸರಲ್ಲ. ಒಂದಿಷ್ಟು ಧೂಳು ಕಂಡರೂ ಮೈಮೇಲೆ ಹುಳ ಬಿಟ್ಟುಕೊಂಡವರಂತೆ ಆಡುತ್ತಿದ್ದ ಈ ಹಿರಿಯ ಪ್ರೊಫೆಸರರಿಗೆ ಜೀವಶಾಸ್ತ್ರ ವಿಭಾಗದ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವರಿಗೂ ಗೊತ್ತಿತ್ತು. ಮೇಲೆ ಸಿಡುಕಿದರೂ ಒಳಗೊಳಗೇ ಖುಷಿಪಡುತ್ತಿದ್ದರು.

ಆ ಕೋಣೆ ಅವರ ಇಡೀ ಜೀವಮಾನದ ಕೂಸು. ಯಾರ್‍ಯಾರದೋ ಕಾಲು ಹಿಡಿದು ಮಂಜೂರು ಮಾಡಿಸಿದ್ದರು. ಬಡಗಿಯ ತಲೆಯ ಮೇಲೆ ನಿಂತು ಒಂದೊಂದು ಹಲಗೆಯನ್ನೂ ಕೂರಿಸಿದ್ದರು. ಗಾಜಿನ ಬಾಟಲಿಯ ತಳದಲ್ಲಿ ಕುದಿಸಿ ಆರಿಸಿದ ಜೆಲ್ಲಿ, ಅದರ ಮೇಲೆ ಎಲೆಯ ಒಂದು ಚೂರು, ತಲೆಯ ಮೇಲೆ ಟ್ಯೂಬ್‌ಲೈಟು. ಅಷ್ಟರಲ್ಲೇ ಒಂದು ಇಡೀ ಗಿಡ ಹುಟ್ಟುತ್ತಿತ್ತು. ಆದರೆ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಒಳಹೊಕ್ಕರೂ ಸಾಕು, ಬಾಟಲಿಗೆ ಬಾಟಲಿಯೇ ಕೊಳೆತುಹೋಗುತ್ತಿತ್ತು. ಇಂಥ ಕೋಣೆಯನ್ನು ವಿಭಾಗದ ಮುಖ್ಯಸ್ಥರು ಎತ್ತಿ ಶುದ್ಧಪ್ಪನವರ ಶಿಷ್ಯೆಗೇ ಕೊಟ್ಟಿದ್ದರು. ಚಿಮಟ ಹಿಡಿಯುವುದನ್ನು ಅವರೇ ಕಲಿಸಿದ್ದ ಹುಡುಗಿ ಈಗ ದೊಡ್ಡ ಯೋಜನೆಯೊಂದನ್ನು ಹೊತ್ತು ಅದೇ ವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದಿದ್ದಳು. ಶುದ್ಧಪ್ಪನವರ ಪಾಲಿಗೆ ಬಂದದ್ದು ಕೆಳಗಿನ ಅಂತಸ್ತಿನ ಪಾಠದ ಲ್ಯಾಬು, ಕಾಲು ಮುರಿದ ಸ್ಟೂಲುಗಳು, ಮಸುಕು ಹಿಡಿದ ಮೈಕ್ರೋಸ್ಕೋಪುಗಳು.

“ಹೋದ್ರೆ ಹೋಯ್ತು ಬಿಡಿ. ಅದೇನು ನಿಮ್ಮಪ್ಪ ಕಟ್ಟಿಸಿದ್ದಾ?” ಎಂದಿದ್ದಳು ಹೆಂಡತಿ.

“ನಾನು ಕಟ್ಟಿಸಿದ್ದು ಕಣೇ” ಎಂದು ಊಟದ ತಟ್ಟೆ ಬಿಟ್ಟು ಎದ್ದಿದ್ದರು.

ಉಪಾಯ ಹೊಳೆದದ್ದು ಕಟ್ಟಡದ ಹಿಂಬದಿಯಲ್ಲಿ. ಕಲ್ಚರ್ ಕೋಣೆಯ ಏಸಿಯಿಂದ ನೀರು ಹನಿಯುವ ಪೈಪಿನ ಬಾಯಲ್ಲಿ ದಾಳಿಂಬೆ ಕಾಳಿನ ಬಣ್ಣದ ಲೋಳೆ ಕಟ್ಟಿತ್ತು. ಮನುಷ್ಯರಿಗೆ ಅಷ್ಟೇನೂ ತೊಂದರೆ ಕೊಡದ, ತೇವ ಸಿಕ್ಕಲ್ಲಿ ಬೆಳೆಯುವ ಸೂಕ್ಷ್ಮಜೀವಿ. ಏಸಿ ಸೋರುತ್ತಿದೆ, ರಿಪೇರಿ ಮಾಡಿಸಿ ಎಂದು ಶಿಷ್ಯೆ ಆಗಲೇ ಎರಡು ಸಲ ಗೋಗರೆದಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾಳೆ ಅವಳ ಬಾಟಲಿಗಳು ಕೆಂಪಾದರೆ ಎಲ್ಲರೂ ಏಸಿಯತ್ತ ನೋಡುತ್ತಾರೆ, ಆಮೇಲೆ ಸೋರುವ ಏಸಿಯ ಕೆಳಗೆ ಕೆಲಸ ಮುಂದುವರಿಸಿದ ಅವಳತ್ತ ನೋಡುತ್ತಾರೆ. ಪರಿಶೀಲನಾ ಸಮಿತಿ ಬರುವ ದಿನ ಹತ್ತಿರವಾಗಿತ್ತು. ಕೋಣೆಯನ್ನು ಶುದ್ಧವಾಗಿಟ್ಟುಕೊಳ್ಳಬಲ್ಲವರು ಯಾರು ಎಂಬ ಪ್ರಶ್ನೆ ಬಂದರೆ ಉತ್ತರ ಹೇಳಲು ಯಾರೂ ತಡವರಿಸಬೇಕಾಗಿರಲಿಲ್ಲ.

ಲೋಳೆಯನ್ನು ಅವರು ಪಾಠದ ಲ್ಯಾಬಿನೊಳಕ್ಕೆ ತರಲೇ ಇಲ್ಲ. ಅಷ್ಟು ದಡ್ಡರಲ್ಲ ಅವರು. ಮನೆಯಲ್ಲಿ, ಸ್ಕೂಟರು ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ, ಹೆಂಡತಿ ಮೂಸಿಯೂ ನೋಡದ ಹಳೆಯ ಜಾಡಿಯೊಂದರಲ್ಲಿ ಬೆಳೆಸಿದರು. ಅಷ್ಟರಲ್ಲಿ ಮನಸ್ಸು ಒಮ್ಮೆ ಅಳುಕಿತು. ಶಿಷ್ಯೆ ಬೆಳೆಸುತ್ತಿದ್ದುದು ಒಂದು ಬೋಳುಗುಡ್ಡದ ಪುಟ್ಟ ಗಿಡ. ಕಲ್ಲಿಗಾಗಿ ಆ ಗುಡ್ಡವನ್ನೇ ಒಡೆದು ಹಾಕಿದ ಮೇಲೆ ಅದು ಹೊರಗೆಲ್ಲೂ ಉಳಿದಿರಲಿಲ್ಲ. ಅದಕ್ಕೂ ದಾರಿ ಕಂಡುಕೊಂಡರು. “ಹುಡುಗರಿಗೆ ತೋರಿಸೋಕೆ ನಾಲ್ಕು ಬಾಟಲಿ ಕೊಡಮ್ಮ” ಎಂದು ಕೇಳಿದರು. ಅವಳು ಎದೆಗವಚಿಕೊಂಡು ತಾನೇ ತಂದು ಅವರ ಗಾಜಿನ ಕಪಾಟಿನಲ್ಲಿ ಜೋಡಿಸಿ ಹೋದಳು. ಗಿಡ ಉಳಿಯುತ್ತದೆ, ಅವಳ ಹೆಸರಷ್ಟೇ ಹಾಳಾಗುತ್ತದೆ. ಇಷ್ಟು ದಯೆ ತೋರಿಸಿದ ಮೇಲೆ ಅವರಿಗೆ ಚೆನ್ನಾಗಿ ನಿದ್ದೆ ಬರಬೇಕಿತ್ತು, ಬರಲಿಲ್ಲ.

ಆ ದಿನ ಮಧ್ಯಾಹ್ನ ಶಿಷ್ಯೆ ತನ್ನವರನ್ನೆಲ್ಲ ಕಟ್ಟಿಕೊಂಡು ಕ್ಯಾಂಟೀನಿಗೆ ಹೋಗಿದ್ದಳು. ಮೇಲಿನ ಅಂತಸ್ತು ಬಿಕೋ ಎನ್ನುತ್ತಿತ್ತು. ಹಿಂದೆಂದೋ ಮಾಡಿಸಿಟ್ಟುಕೊಂಡಿದ್ದ ನಕಲಿ ಕೀಲಿ ಸದ್ದಿಲ್ಲದೆ ತಿರುಗಿತು. ಕೈಗೆ ಗ್ಲೌಸು, ಜೇಬಿನಲ್ಲಿ ಸಣ್ಣ ಸೀಸೆ, ಒಂದು ಡ್ರಾಪರು. ಮುಚ್ಚಳ ಸಡಿಲಿಸು, ಒಂದು ಹನಿ ಬಿಡು, ಮುಚ್ಚಳ ಬಿಗಿ ಮಾಡು. ಎಷ್ಟು ವರ್ಷಗಳ ಅಭ್ಯಾಸ! ಹಲಗೆಯ ತುದಿಯಲ್ಲಿ ಒಂದು ಬಾಟಲಿಯ ಮೇಲೆ ಶಿಷ್ಯೆ ಪುಟ್ಟ ನಗುಮುಖ ಬರೆದಿಟ್ಟಿದ್ದಳು. ಡ್ರಾಪರನ್ನು ಅರೆಗಳಿಗೆ ಎತ್ತಿ ಹಿಡಿದರು. ಅದಕ್ಕೂ ಒಂದು ಹನಿ ಬಿಟ್ಟರು. ಬಾಗಿಲು ಎಳೆದುಕೊಂಡು, ಗ್ಲೌಸು ಕಿತ್ತು ಜೇಬಿಗೆ ತುರುಕಿ, ಮೆಟ್ಟಿಲಿಳಿದು ನೇರವಾಗಿ ಪಾಠದ ಲ್ಯಾಬಿಗೆ ನಡೆದರು. ಮೊದಲ ವರ್ಷದವರು ಎದ್ದು ನಿಂತರು. ಎಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ ಹೇಳಲು ಇಡೀ ತರಗತಿಯೇ ಇತ್ತು. ಅಂದಿನಷ್ಟು ಉತ್ಸಾಹದಿಂದ ಅವರು ಆ ವರ್ಷ ಪಾಠ ಮಾಡಿರಲಿಲ್ಲ.

ವಾರ ಕಳೆಯುವುದರೊಳಗೆ ಶಿಷ್ಯೆ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

“ಸರ್, ಎಲ್ಲಾ ಕೆಂಪಾಗೋಯ್ತು ಸರ್. ಒಂದೂ ಉಳಿದಿಲ್ಲ.”

“ಅಳಬೇಡಮ್ಮ. ನಿನ್ನ ನಾಲ್ಕು ಬಾಟಲಿ ನನ್ನ ಹತ್ರ ಭದ್ರವಾಗಿದೆ.”

ಅವಳು ಅವರ ಕೈ ಹಿಡಿದುಕೊಂಡು ಇನ್ನಷ್ಟು ಅತ್ತಳು. ಶುದ್ಧಪ್ಪನವರು ಅವಳ ತಲೆ ಸವರಿದರು. ಮಗಳಂಥವಳು. ಆದರೂ ಆ ಗಳಿಗೆಯಲ್ಲೇ ಅವರ ಮನಸ್ಸು ಹಲಗೆಗಳನ್ನು ಹೇಗೆ ಮರುಜೋಡಿಸಬೇಕೆಂದು ಲೆಕ್ಕ ಹಾಕುತ್ತಿತ್ತು.

ತನಿಖೆಯ ಹೊಣೆ ತಾನಾಗಿಯೇ ಅವರ ಹೆಗಲೇರಿತು. ಇಂಥದಕ್ಕೆ ಅವರನ್ನು ಬಿಟ್ಟು ಇನ್ಯಾರಿದ್ದರು? ಕಲ್ಚರ್ ಕೋಣೆಯ ಹೊರಗಿನ ಮೇಜು, ನಲ್ಲಿ, ಬಾಗಿಲ ಹಿಡಿ, ಮುಖ್ಯಸ್ಥರ ಫೋನು, ಯಾವುದನ್ನೂ ಬಿಡದೆ ಹತ್ತಿಯಿಂದ ಒರೆಸಿ ಪರೀಕ್ಷಿಸಿದರು. ಸಮಿತಿಯ ಮುಂದೆ ನಿಂತು ನಿಧಾನವಾಗಿ, ದುಃಖದಿಂದ ಹೇಳಿದರು:

“ಈ ಕೆಂಪು ಇಡೀ ಕಟ್ಟಡದಲ್ಲಿ ಮತ್ತೆಲ್ಲೂ ಇಲ್ಲ. ಆ ಕೋಣೆಯ ಏಸಿಯಲ್ಲಿ ಹುಟ್ಟಿದ್ದು, ಆ ಬಾಟಲಿಗಳಲ್ಲಿ ಬೆಳೆದದ್ದು. ಹೊಸ್ತಿಲು ದಾಟಿ ಹೊರಗೇ ಬಂದಿಲ್ಲ. ನನಗೆ ಒಳಗಿನ ಸ್ಥಿತಿ ಗೊತ್ತಿಲ್ಲ, ಕೀಲಿ ಕೊಟ್ಟ ದಿನದಿಂದ ನಾನು ಅಲ್ಲಿಗೆ ಕಾಲಿಟ್ಟಿಲ್ಲ.”

ಎಲ್ಲರೂ ತಲೆದೂಗಿದರು. ಶಿಷ್ಯೆ ತಲೆ ತಗ್ಗಿಸಿದಳು.

ಮೊದಲ ವರ್ಷದವರ ಮುಂದಿನ ತರಗತಿಯ ಹೊತ್ತಿಗೆ ಮುಖ್ಯಸ್ಥರೇ ಕಲ್ಚರ್ ಕೋಣೆಯ ಕೀಲಿಯನ್ನು ಅವರಿಗೆ ಒಪ್ಪಿಸಲು ಕೆಳಗಿಳಿದು ಬಂದರು. ಉಳಿದ ನಾಲ್ಕು ಬಾಟಲಿ ಒಯ್ಯಲು ಶಿಷ್ಯೆಯೂ ಜೊತೆಯಲ್ಲಿದ್ದಳು. ಹುಡುಗರು ಹಿಂದಿನ ತರಗತಿಯಲ್ಲಿ ತಯಾರಿಸಿ, ಬೆಳೆದ ಮೇಲೆ ಎತ್ತಿಟ್ಟಿದ್ದ ಜೆಲ್ಲಿ ಪ್ಲೇಟುಗಳನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಹರಡುತ್ತಿದ್ದರು. ಅವಳು ಅಳು ನುಂಗಿ ನಗಲು ನೋಡಿದಳು.

“ಈಗಲೂ ಮಾಡಿಸ್ತೀರಾ ಸರ್ ಇದನ್ನ? ನಮ್ಮ ಕಾಲದಲ್ಲಿ ಎಲ್ಲರಿಗಿಂತ ಮೊದಲು ನಿಮ್ಮ ಅಂಗೈ ಒತ್ತಿ ತೋರಿಸ್ತಿದ್ರಿ. ನಿಮ್ಮ ಪ್ಲೇಟ್ ಯಾವುದು?”

ಶುದ್ಧಪ್ಪನವರು ಕೀಲಿಗೆ ಕೈ ಚಾಚಿದ್ದವರು ಹಾಗೇ ನಿಂತರು. ಅವಳು ಆಗಲೇ ಆ ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು. ಅಂಚಿನಲ್ಲಿ ಅವರದೇ ಕೈಬರಹದಲ್ಲಿ ಅವರ ಹೆಸರು, ಆ ಮಧ್ಯಾಹ್ನದ ತಾರೀಖು. ಅಂಗೈಯ ಗುರುತಿನಲ್ಲಿ, ಎಲ್ಲರ ಕೈಯಲ್ಲೂ ಇರುವ ಸೂಕ್ಷ್ಮಜೀವಿಗಳು ಬಿಳಿ ಹಳದಿ ಚುಕ್ಕೆಗಳಾಗಿ ಬೆಳೆದಿದ್ದವು. ಗ್ಲೌಸು ಹಿಡಿದು ಕಿತ್ತಿದ್ದ ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿ ಮಾತ್ರ ದಾಳಿಂಬೆ ಕೆಂಪು. ಅವಳ ನಗು ನಿಧಾನವಾಗಿ ಆರಿಹೋಯಿತು. ಮುಖ್ಯಸ್ಥರು ಕೀಲಿಯನ್ನು ಜೇಬಿಗಿಳಿಸಿದರು. ಬಾಗಿಲ ಹಿಡಿ ಮುಟ್ಟಿದರೂ ಸೋಪು ಹುಡುಕುತ್ತಿದ್ದ ಶುದ್ಧಪ್ಪನವರು ಅಂದು ಮೆಟ್ಟಿಲಿಳಿದು ಬರುವಾಗ ದಾರಿಯಲ್ಲಿದ್ದ ಎರಡು ಬೇಸಿನ್‌ಗಳನ್ನೂ ದಾಟಿ ಬಂದಿದ್ದರು. ಮರೆತಿರಲಿಲ್ಲ, ಬೇಕೆಂದೇ ಕೈ ತೊಳೆದಿರಲಿಲ್ಲ. ಪ್ರತಿ ವರ್ಷದಂತೆ ಅಂದಿನ ಪಾಠಕ್ಕೆ ತೊಳೆಯದ ಕೈಯೇ ಬೇಕಾಗಿತ್ತು.