ಶರಣಬಸವನ ಬೆನ್ನ ಮೇಲಿನ ಗೆರೆ

"ಎಣ್ಣೆ ಹಚ್ಚಬ್ಯಾಡ ಅಂದೆ... ಬಟ್ಟಲ ಒಳಗಿಡು!"

ಮದುವೆಯಾದ ಮೇಲಿನ ಮೊದಲ ದೀಪಾವಳಿಯ ಬೆಳಗ್ಗೆ ಶಾಂಭವಿ ಗಂಡನಿಂದ ಕೇಳಿದ ಮಾತಿದು. ಅವರ ಯಾದಗಿರಿ ಕಡೆ ಅವತ್ತು ಹೆಂಡತಿ ಗಂಡನಿಗೆ ಎಣ್ಣೆ ಹಚ್ಚಿ ನೀರೆರೆಯಬೇಕು, ಆರತಿ ಬೆಳಗಬೇಕು. ಅವಳು ಬಟ್ಟಲು ಹಿಡಿದು ಹಾಗೇ ನಿಂತಳು.

ಆಗ ಕಣ್ಣಿಗೆ ಬಿತ್ತು... ಶರಣಬಸವನ ಅಂಗಿಯ ಕಾಲರ್ ಕೆಳಗೆ, ಬೆನ್ನಿನ ಮೇಲೆ, ನೇರಳೆ ಬಣ್ಣದ ಪೆನ್ನಿನ ಗೆರೆ!

ತನ್ನ ಬೆನ್ನ ಮೇಲೆ ತಾನೇ ಯಾರು ಬರೆದುಕೊಳ್ಳುತ್ತಾರೆ? ಯಾರವಳು?

ತಿಂಗಳಿಂದ ಅವನು ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಕೇಳಿದರೆ ಸೆಕೆ ಅನ್ನುತ್ತಿದ್ದ. ಹೊಸ ತಿಪ್ಪಸಂದ್ರದ ಆ ಬಾಡಿಗೆ ಮನೆಯಲ್ಲಿ ಅಡುಗೆಮನೆಗಿಂತ ಸೆಕೆಯ ಜಾಗ ಇನ್ನೊಂದಿಲ್ಲ. ಆದರೂ ಪೆದ್ದಿ ನಂಬಿದ್ದಳು. ಈಗ ಆ ಮಾತೂ ಸುಳ್ಳೆನಿಸಿತು.

ಹಬ್ಬ ಕಳೆಯುತ್ತಲೇ ಅವನು ಶಿವಾಜಿನಗರದ ಬಸ್ಸು ಹತ್ತಿದಾಗ ಇವಳೂ ಸೆರಗು ಹೊದ್ದು ಮುಂದಿನ ಬಾಗಿಲಿನಿಂದ ಹತ್ತಿದಳು. ಅವನು ಹೋಗಿದ್ದು ಒಂದು ಆಸ್ಪತ್ರೆಗೆ. ನರ್ಸೇ ಇರಬೇಕು, ಬಿಡುವುದಿಲ್ಲ ಅಂದುಕೊಂಡಳು. ಪರದೆಯ ಹಿಂದಿನಿಂದ ಹೆಣ್ಣಿನ ದನಿ ಕೇಳಿತು.

"ನಾನು ಹಾಕಿದ ಗೆರೆ ಬೆವರಿಗೆ ಮಾಸೋಗಿದೆ. ಶರ್ಟ್ ಬಿಚ್ಚಿ, ಮತ್ತೆ ಬರೀತೀನಿ."

ಶಾಂಭವಿ ಪರದೆ ಸರಿಸಿಯೇಬಿಟ್ಟಳು.

ಗಂಡನ ಬೆನ್ನ ಮೇಲೆ ಕೆಂಪು ಕಲೆಗಳು, ಅವುಗಳ ಸುತ್ತ ಗೆರೆ. ಪೆನ್ನು ಹಿಡಿದು ನಿಂತವಳು ರೇಡಿಯೇಷನ್ ಕೊಡುವ ಟೆಕ್ನಿಷಿಯನ್ ಧನಲಕ್ಷ್ಮಿ. ಇವಳು ಹೆಂಡತಿಯೆಂದು ತಿಳಿದ ಮೇಲೆ, ಇದು ಚರ್ಮದಲ್ಲಿ ಕಾಣಿಸಿಕೊಳ್ಳುವ ಲಿಂಫೋಮಾ, ಅಪರೂಪದ ಒಂದು ಕ್ಯಾನ್ಸರ್ ಎಂದು ಆಕೆಯೇ ಹೇಳಿದಳು. ಕಿರಣ ಸರಿಯಾದ ಜಾಗಕ್ಕೇ ಬೀಳಲಿ ಎಂದು ಈ ಗುರುತು, ಅದು ಅಳಿಸಬಾರದೆಂದೇ ಎಣ್ಣೆ ಬೇಡವೆಂದಿದ್ದರು. ಬೇಗ ಗೊತ್ತಾಗಿದೆ, ಹತೋಟಿಗೆ ತರಬಹುದು, ಅಂಟುವ ರೋಗವಂತೂ ಅಲ್ಲ ಎಂದು ಧೈರ್ಯ ಹೇಳಿ, ಯಂತ್ರ ಸಿದ್ಧಮಾಡಲು ಒಳಗೆ ಹೋದಳು.

ಶಾಂಭವಿಯ ಕಣ್ಣು ತುಂಬಿ ಬಂತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ, ಬೇರೆ ದಾರಿ ಹಿಡಿಯಿತು.

"ಆಕಿಗೆ ತೋರಿಸಿದ್ರಿ... ನನಗ್ಯಾಕ ತೋರಿಸಲಿಲ್ಲ?"

"ನಿನಗ ಅಂಟಿದ್ರ ಅಂತ ಹೆದರಿದ್ದೆ. ಡಾಕ್ಟರು ಇಲ್ಲ ಅಂದ್ರೂ ಮನಸ್ಸು ಕೇಳಲಿಲ್ಲ." ಅವನು ಬಿಚ್ಚಿದ ಅಂಗಿ ಕೈಗೆತ್ತಿಕೊಂಡ. "ಇದನ್ನ ನೋಡಿ ನೀ ಮಾರಿ ತಿರುಗಿಸಿದ್ರ, ನಾ ಬದುಕಿ ಏನ್ ಮಾಡ್ಲಿ?"

ಇಷ್ಟು ದಿನ ಇವನು ಒಬ್ಬನೇ ಹೆದರಿಕೊಂಡು ಮಲಗಿದ್ದನಲ್ಲ! ಅವಳಿಗೆ ಅಳು ತಡೆಯಲಾಗಲಿಲ್ಲ.

"ಇನ್ನ ಮ್ಯಾಲ ನಿಮ್ಮ ಹೆದರಿಕಿ ಮೊದಲ ನನಗ ಹೇಳ್ಬೇಕು. ಆಮ್ಯಾಲ ಬ್ಯಾರೆಯವರಿಗೆ."

ಅವನು ತಲೆಯಾಡಿಸಿದ. ಅವಳು ಹತ್ತಿರ ಹೋಗಿ, ಆ ಕೆಂಪು ಕಲೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ನೋಯ್ತದೇನ್ರೀ?"

"ಇಲ್ಲ... ಕೈ ತೆಗೀಬ್ಯಾಡ."