ಆಫ್ ಆದರೂ ಹೋಗದ ದೆವ್ವ

"ಲೇ ಕೀರ್ತನಾ, ಮೊದ್ಲು ಅದನ್ನ ಆಫ್ ಮಾಡು!"

"ಅದೇ ಆಫ್ ಆಗೈತಜ್ಜಿ. ಚಾರ್ಜ್ ಮುಗೀತು."

"ಮತ್ಯಾಕೆ ಇನ್ನೂ ನನ್ನೇ ನೋಡ್ತೈತೆ?"

ಇ-ರೀಡರಿನ ಬೂದು ಪರದೆಯ ಮೇಲೆ ಕೂದಲು ಕೆದರಿದ ದೆವ್ವವೊಂದು ಹಲ್ಲು ಕಿರಿದು ನಿಂತಿತ್ತು. ಮೊಬೈಲಾದರೆ ಪರದೆ ಕಪ್ಪಾಗುತ್ತದೆ. ಇದರಲ್ಲಿ ಕೊನೆಯ ಚಿತ್ರ ಹಾಗೇ ಉಳಿದುಬಿಡುತ್ತದೆ. ಅದನ್ನು ಅಜ್ಜಿಗೆ ಹೇಗೆ ಹೇಳುವುದು? ಬಬ್ಬೂರಿನಲ್ಲಿ ಬೆಳಿಗ್ಗೆಯಿಂದ ಕರೆಂಟೂ ಇರಲಿಲ್ಲ.

"ಕರೆಂಟಿಲ್ಲ, ಚಾರ್ಜಿಲ್ಲ, ಆದ್ರೂ ಐತೆ. ಇದು ಬರೀ ಚಿತ್ರ ಅಲ್ಲ ಕಣೇ," ಎಂದು ಮುದ್ದಕ್ಕಜ್ಜಿ ತೀರ್ಪು ಕೊಟ್ಟೇಬಿಟ್ಟಳು.

ಕುರಿ ಮಂದೆಯ ಹಿಂದೆ ಕಾಡುಮೇಡು ಅಲೆದು, ತೋಳಕ್ಕೂ ಕೋಲು ಬೀಸಿದ ಅಜ್ಜಿ ಅವಳು. ಈಗ ಒಂದು ಕೈಯಲ್ಲಿ ಉಪ್ಪು, ಮೆಣಸಿನಕಾಯಿ, ಇನ್ನೊಂದರಲ್ಲಿ ಅರಿಶಿನ ನೀರಿನ ಚೊಂಬು ಹಿಡಿದು ಯುದ್ಧಕ್ಕೆ ಬಂದಳು.

ಚೊಂಬು ನೋಡಿ ಕೀರ್ತನಾಳ ಎದೆ ಧಸಕ್ಕೆಂದಿತು. ಅದು ಉಷಾರಾಣಿ ಟೀಚರ್ ಅವರ ಸ್ವಂತ ರೀಡರ್. ದೆವ್ವದ ಕಾಮಿಕ್ಸ್ ಓದಲೆಂದು ಮೂರು ದಿನದ ಹಿಂದೆ, ಇಡೀ ಕ್ಲಾಸಿನಲ್ಲಿ ಅವಳೊಬ್ಬಳನ್ನೇ ನಂಬಿ ಕೊಟ್ಟಿದ್ದರು. ನಾಳೆ ವಾಪಸ್ ಕೊಡಬೇಕಿತ್ತು.

"ನೀರು ಬೇಡಜ್ಜಿ, ಕೆಟ್ಟೋಗ್ತೈತೆ!"

"ಕೆಡ್ಲಿ. ದೆವ್ವ ಹೋದ್ರೆ ಸಾಕು."

ರೀಡರನ್ನು ಎದೆಗವಚಿಕೊಂಡು ಮೂಲೆ ಸೇರಿದ ಕೀರ್ತನಾಗೆ ಉಪಾಯವೊಂದು ಹೊಳೆಯಿತು.

"ಓದಿದ್ದು ನಾನಲ್ವಾ? ನಂಗೇ ದೃಷ್ಟಿ ತೆಗಿ. ಅದರ ಸುದ್ದಿಗೆ ಹೋಗ್ಬ್ಯಾಡ."

ಅಜ್ಜಿ ಯೋಚಿಸಿ ಚೊಂಬು ಕೆಳಗಿಟ್ಟಳು. ಕೀರ್ತನಾ ಪೂರ್ವಕ್ಕೆ ಮುಖ ಮಾಡಿ ಕೂತಳು. ಅವಳಿಗೆ ಒಳಗೊಳಗೇ ನಗು.

"ನಾಯಿ ಕಣ್ಣು, ನರಿ ಕಣ್ಣು, ಟೀಚರ್ ಕಣ್ಣು..." ಅಜ್ಜಿ ನಿವಾಳಿಸತೊಡಗಿದಳು.

"ಟೀಚರ್ ಯಾಕಜ್ಜಿ ಪಾಪ?"

"ಸುಮ್ಕಿರೇ!" ಎಂದವಳ ದನಿ ಬರಬರುತ್ತಾ ಸಣ್ಣಗಾಯಿತು. "ಮೂರು ದಿನದಿಂದ ನೆಟ್ಟಗೆ ಉಂಡಿಲ್ಲ. ಕೂಗಿದ್ರೆ ಓ ಅನ್ನಲ್ಲ. ನನ್ನ ಕೂಸನ್ನ ಬಿಟ್ಬಿಡು ತಾಯಿ..."

ಕೀರ್ತನಾಳ ನಗು ಎಲ್ಲಿ ಹೋಯಿತೋ! ಅಜ್ಜಿಯ ಹೆದರಿಕೆಯೆಲ್ಲ ತನ್ನ ಬಗ್ಗೆಯೇ ಎಂದು ಅವಳಿಗೆ ಈಗ ಗೊತ್ತಾಯಿತು.

ಮೆಣಸಿನಕಾಯಿ ನೀರೊಲೆಯ ಕೆಂಡಕ್ಕೆ ಬಿತ್ತು. ಘಾಟು ಬಂದರೆ ಮಗುವಿಗೆ ಏನೂ ಆಗಿಲ್ಲ. ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಅರ್ಥ. ಅಜ್ಜಿ ಮೂಗು ಅರಳಿಸಿ ಕಾದಳು.

ಘಾಟು ಬರಲೇ ಇಲ್ಲ. ಅಜ್ಜಿಯ ಮುಖ ಬಾಡಿತು.

ಕೀರ್ತನಾ ಅವಳನ್ನೇ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಓಣಿಗೆಲ್ಲ ಕೇಳುವಂತೆ ಕೆಮ್ಮಿದಳು.

"ಅಬ್ಬಬ್ಬಾ! ಎಂಥ ಘಾಟಜ್ಜಿ!"

"ಹೌದಾ? ನನ್ನ ಮೂಗು ಮೊದ್ಲಿನಂಗಿಲ್ಲ ಬಿಡು," ಅಜ್ಜಿಯ ಮುಖ ಅರಳಿತು. "ಮುದ್ದೆ ಹಾಕ್ಲೇನೇ?"

"ಎರಡು ಹಾಕು," ಎಂದು ಕೀರ್ತನಾ ಇನ್ನೊಂದು ಸಲ ಕೆಮ್ಮಿದಳು.